ಕೂತ್ಕೋ ಎಂಬ ಸನ್ನೆ

ಮಾರ್ಚ್ 4

ತಮ್ಮಾ,

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಎಂದು ಗೊತ್ತಿರುವುದರಿಂದ ಆ ಪ್ರಶ್ನೆ ಕೇಳುವುದಿಲ್ಲ.

ನಿನ್ನ ಕಾರ್ಡು ಬಂತು. ಬಿಪಿ ಏರಿದೆ, ಕೈ ನಡುಗುತ್ತಿದೆ, ಆರು ವಾರ ಕ್ರೇನು ಹತ್ತಬಾರದೆಂದು ಕಂಪನಿಯ ಡಾಕ್ಟರು ಹೇಳಿದ್ದಾರೆ, ಗಾಬರಿಯಾಗಬೇಡ. ಇಷ್ಟೇ. ಕೊನೆಯ ಮಾತು ಓದಿದ ಮೇಲೇ ನನಗೆ ಗಾಬರಿಯಾದದ್ದು. ಹದಿನೇಳು ವರ್ಷ ಆ ಗಾಜಿನ ಗೂಡಿನಲ್ಲಿ ಕೂತು ಕೆಲಸ ಮಾಡಿದವನಿಗೆ ಈಗೇನಾಯಿತು ಎಂದು ನೀನು ಬರೆದಿಲ್ಲ. ಡ್ಯೂಟಿ ಜಾಸ್ತಿಯಾಗಿರಬೇಕು. ನಿನಗೆ ಬೇಡ ಅನ್ನಲು ಬರುವುದಿಲ್ಲ, ಮೊದಲಿನಿಂದಲೂ.

ಏಪ್ರಿಲ್ ಹದಿನೈದಕ್ಕೆ ಮತ್ತೆ ಪರೀಕ್ಷೆ ಮಾಡಿ, ಬಿಪಿ ಇಳಿಯದಿದ್ದರೆ ಕೆಳಗಿನ ಸಾಮಾನು ಕೋಣೆಯಲ್ಲಿ ಹಗ್ಗ, ಕೊಕ್ಕೆ ಕಾಯುವ ಕೆಲಸಕ್ಕೆ ಹಾಕುತ್ತಾರೆಂದು ನನ್ನ ಮಗಳು ಗುಬ್ಬಿ ಹೇಳಿದಳು. ಎರಡು ವರ್ಷದವನಿದ್ದಾಗಲೇ ಬೀರುವಿನ ಮೇಲೆ ಹತ್ತಿ ಕೂತು, ಇಳಿಯಲು ಬಾರದೆ ಇಡೀ ಮನೆಯನ್ನು ಕೂಗಿ ಕರೆದವನು ನೀನು. ನಿನ್ನನ್ನು ನೆಲದ ಮೇಲೆ ಕೂರಿಸಿದರೆ ಏನಾಗುತ್ತದೆಂದು ನನಗೆ ಗೊತ್ತು. ಆದ್ದರಿಂದ ಈ ಆರು ವಾರ ನಾನು ಹೇಳಿದಂತೆ ಕೇಳು.

ನಮ್ಮ ಆಸ್ಪತ್ರೆಯಲ್ಲಿ ಲಾಂಡ್ರಿಗೆ ಹೋಗುವ ದಾರಿಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ. "ಒತ್ತಡ ಕಳೆಯಲು ದಿನನಿತ್ಯದ ಹನ್ನೆರಡು ದಾರಿಗಳು." ಮೇಲೆ ನಗುವ ಹೆಂಗಸೊಬ್ಬಳ ಚಿತ್ರ. ಅವಳ ಮನೆಯ ಬಟ್ಟೆ ಯಾರು ಒಗೆಯುತ್ತಾರೋ ದೇವರಿಗೇ ಗೊತ್ತು. ಅದರಲ್ಲಿ ನಿನಗೆ ಹೊಂದುವ ಮೂರನ್ನು ಮಾತ್ರ ಬರೆಯುತ್ತೇನೆ. ಒಂದು, ಬೆಳಿಗ್ಗೆ ಎದ್ದು ನಿಧಾನವಾಗಿ ಹತ್ತು ಸಲ ಉಸಿರಾಡು. ಎರಡು, ಸಂಜೆ ಅರ್ಧ ಗಂಟೆ ನಡೆ, ಎಲ್ಲಿಗೂ ಹೋಗಬೇಕಾಗಿಲ್ಲದವನ ಹಾಗೆ ನಡೆ. ಮೂರು, ದಿನಕ್ಕೆ ಹದಿನೈದು ನಿಮಿಷ ಏನೂ ಮಾಡದೆ ಕೂತಿರು. ನಾನೂ ಊಟದ ಹೊತ್ತಿನಲ್ಲಿ ಲಾಂಡ್ರಿಯ ಹಿಂದಿನ ಬೆಂಚಿನ ಮೇಲೆ ದಿನಾ ಕೂರುತ್ತೇನೆ. ಬಹಳ ಗುಣ ಕಂಡಿದೆ.

ಕಾಗದದಲ್ಲೇ ಉತ್ತರ ಬರೆ. ಇಪ್ಪತ್ತಾರು ವರ್ಷ ಒಗೆಯುವ ಯಂತ್ರಗಳ ಪಕ್ಕ ನಿಂತು ನನ್ನ ಕಿವಿ ಏನಾಗಿದೆಯೆಂದು ಗೊತ್ತಲ್ಲ, ಫೋನಿನಲ್ಲಿ ನೀನು ಹತ್ತು ಅಂದರೆ ನನಗೆ ಹತ್ತಿ ಎಂದೂ ಕೇಳಬಹುದು, ಏನೂ ಕೇಳದೆಯೂ ಇರಬಹುದು. "ಮೊಬೈಲಲ್ಲಿ ಟೈಪ್ ಮಾಡಮ್ಮ" ಎನ್ನುತ್ತಾಳೆ ಗುಬ್ಬಿ. ಆ ಅಕ್ಷರಗಳನ್ನು ಒತ್ತುವಷ್ಟರಲ್ಲಿ ನನ್ನ ಬಿಪಿಯೂ ಏರುತ್ತದೆ.

ಗುಬ್ಬಿ ಭಾನುವಾರ ಬಂದು ಹೋದಳು. ಮೊಣಕೈಗೆ ಬ್ಯಾಂಡೇಜು. ಹಾಸ್ಟೆಲಿನ ಮೆಟ್ಟಿಲಲ್ಲಿ ಜಾರಿದಳಂತೆ. ಕ್ರೇನಿನ ಕೆಳಗೆ ನಿಂತು ಸನ್ನೆ ಮಾಡುವ ಹುಡುಗಿಗೆ ಮೆಟ್ಟಿಲಿಳಿಯಲು ಬರುವುದಿಲ್ಲವೆಂದರೆ ಏನು ಹೇಳಲಿ. ಸ್ವಲ್ಪ ಬೈದು ಬುದ್ಧಿ ಹೇಳು. ನನ್ನ ಮಾತಿಗಿಂತ ಅವಳ ಮಾಮನ ಮಾತಿಗೆ ಬೆಲೆ ಜಾಸ್ತಿ.

ಅಕ್ಕ


ಮಾರ್ಚ್ 9

ಅಕ್ಕನಿಗೆ,

ನೀನು ಹೇಳಿದ್ದನ್ನೆಲ್ಲ ಶುರು ಮಾಡಿದ್ದೇನೆ. ಬಿಟ್ಟುಹೋಗದಿರಲಿ ಎಂದು ಒಂದು ಪುಸ್ತಕ ಇಟ್ಟಿದ್ದೇನೆ. ಕ್ರೇನು ಹತ್ತುವ ಮೊದಲು ನಾವು ಹಗ್ಗ, ಕೊಕ್ಕೆ, ಬ್ರೇಕು, ಗಾಳಿಯ ವೇಗ ಎಲ್ಲ ನೋಡಿ ಒಂದೊಂದರ ಮುಂದೆಯೂ "ಸರಿ" ಎಂದು ಬರೆಯುತ್ತೇವಲ್ಲ, ಅದೇ ಕ್ರಮ. ನಿನ್ನೆಯದನ್ನು ಇಲ್ಲಿ ಇಳಿಸುತ್ತೇನೆ.

6.30 – ಉಸಿರಾಟ, ಹತ್ತು ಸಲ – ಸರಿ.
6.34 – ಉಸಿರಾಟ ಮತ್ತೆ ಹತ್ತು ಸಲ, ಮೊದಲಿನದು ಬೇಗ ಮುಗಿದಂತೆ ಅನ್ನಿಸಿದ್ದರಿಂದ – ಸರಿ.
11.00 – ಏನೂ ಮಾಡದೆ ಕೂರುವುದು, ಹದಿನೈದು ನಿಮಿಷ – ಸರಿ. ಗಡಿಯಾರ ಎದುರಿಗೇ ಇಟ್ಟುಕೊಂಡಿದ್ದೆ.
4.00 – ಸಂಗೀತ, ಅರ್ಧ ಗಂಟೆ – ಸರಿ. ಪಕ್ಕದ ಮನೆಯವರದು.
5.30 – ನಡಿಗೆ, ನಲವತ್ತೆರಡು ನಿಮಿಷ – ಸರಿ.

ಸಂಗೀತ ನಿನ್ನ ಪಟ್ಟಿಯಲ್ಲಿರಲಿಲ್ಲ. ಗೋಡೆ ತೆಳುವಾಗಿರುವುದರಿಂದ ತಾನಾಗಿ ಬಂತು, ಸೇರಿಸಿಕೊಂಡೆ.

ಕೈ ಇನ್ನೂ ನಡುಗುತ್ತದೆ, ಆದರೆ ಸ್ವಲ್ಪ. ಲೋಟ ತುಂಬ ಚಹಾ ಹಾಕಿಕೊಳ್ಳುವುದಿಲ್ಲ, ಅರ್ಧ ಹಾಕಿಕೊಳ್ಳುತ್ತೇನೆ, ಎರಡು ಸಲ ಕುಡಿಯುತ್ತೇನೆ. ಲೆಕ್ಕ ಒಂದೇ.

ಇಲ್ಲಿ ಬೇರೇನೂ ವಿಶೇಷವಿಲ್ಲ. ನಿನ್ನ ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡು ಎಂದು ಎಷ್ಟು ಸಲ ಹೇಳಿದ್ದೇನೆ.

ತಮ್ಮ


ಮಾರ್ಚ್ 14

ತಮ್ಮಾ,

ನಿನ್ನ ಪುಸ್ತಕದ ಪುಟವನ್ನು ಲಾಂಡ್ರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಇಸ್ತ್ರಿಯವಳಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಏನೂ ಮಾಡ್ದೆ ಕೂರೋಕೂ ಗಡಿಯಾರ ಬೇಕಾ ನಿಮ್ಮ ತಮ್ಮಂಗೆ?" ಎಂದಳು. ಪುಣ್ಯಾತ್ಮ, ಅದು ಬ್ರೇಕು ತಪಾಸಣೆಯಲ್ಲ. ಪುಸ್ತಕ ಮುಚ್ಚಿಡು.

ಕೈಗೆ ಕೆಲಸವಿಲ್ಲದೆ ಕೂರಲು ಆಗದಿದ್ದರೆ ಬೇರೆ ದಾರಿ ಹೇಳುತ್ತೇನೆ. ಇದು ಗೋಡೆಯ ಹಾಳೆಯದಲ್ಲ, ನನ್ನದು. ಬೆಡ್‌ಶೀಟು ಮಡಿಸು. ಒಣಗಿಸುವ ಯಂತ್ರದಿಂದ ತೆಗೆದ ಬಿಸಿ ಬೆಡ್‌ಶೀಟಿನ ಎರಡು ತುದಿ ನೀನು ಹಿಡಿದು, ಎರಡು ತುದಿ ಎದುರಿನವರು ಹಿಡಿದು, ಒಮ್ಮೆ ಝಾಡಿಸಿ, ಎಳೆದು, ಒಬ್ಬರ ಕಡೆಗೊಬ್ಬರು ನಡೆದು ಬರುವುದು. ದಿನಕ್ಕೆ ನಾನೂರು ಮಡಿಸುತ್ತೇವೆ. ಮುನ್ನೂರು ದಾಟಿದ ಮೇಲೆ ತಲೆಯಲ್ಲಿ ಏನೂ ಇರುವುದಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ಹೀಗೇ ಮಡಿಸುತ್ತಿದ್ದೆವು, ನೀನು ಬೇಕೆಂದೇ ತುದಿ ಬಿಟ್ಟುಬಿಡುತ್ತಿದ್ದೆ, ನಾನು ಹಿಂದಕ್ಕೆ ಬೀಳುತ್ತಿದ್ದೆ.

ಕೂರುವುದಕ್ಕೂ ನಮ್ಮಲ್ಲಿ ಒಂದು ಸನ್ನೆಯಿದೆ. ಯಂತ್ರದ ಸದ್ದಿನಲ್ಲಿ ಇಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲವಾದ್ದರಿಂದ ನಮ್ಮದೆಲ್ಲ ಕೈಸನ್ನೆ. ಮುಷ್ಟಿ ಎತ್ತಿದರೆ ಯಂತ್ರ ನಿಲ್ಲಿಸು. ಎರಡೂ ಅಂಗೈ ಚಪ್ಪಟೆ ಮಾಡಿ ಹೊಟ್ಟೆಯ ಮುಂದೆ ನಿಧಾನವಾಗಿ ಕೆಳಗಿಳಿಸಿದರೆ, ಸಾಕು, ಕೂತ್ಕೋ. ಗುಬ್ಬಿ ಶಾಲೆ ಬಿಟ್ಟ ಮೇಲೆ ಇಲ್ಲೇ ಬಂದು ಬುಟ್ಟಿಯ ಮೇಲೆ ಕೂರುತ್ತಿದ್ದವಳು, ಪಾಠಕ್ಕಿಂತ ಮೊದಲು ಸನ್ನೆ ಕಲಿತಳು. ನಿಮ್ಮ ಸೈಟಿನಲ್ಲಿ ಅವಳ ಸನ್ನೆ ಅಷ್ಟು ಚೊಕ್ಕ ಎಂದು ನೀನು ಹೊಗಳಿದಾಗ ನನಗೆ ಒಳಗೊಳಗೇ ನಗು. ಅದೆಲ್ಲ ಒಗೆಯುವ ಕೋಣೆಯ ವಿದ್ಯೆ.

ಅಂದಹಾಗೆ, ಅವಳ ಮೊಣಕೈ ಹೇಗಿದೆ? ಅವಳ ಬಗ್ಗೆ ಒಂದಕ್ಷರವೂ ನೀನು ಬರೆದಿಲ್ಲ.

ಅಕ್ಕ


ಮಾರ್ಚ್ 20

ಅಕ್ಕನಿಗೆ,

ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಇಲ್ಲಿ ನಾನೊಬ್ಬನೇ. ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ನೋಡಿದೆ. ಬಾಗಿಲು ಮುಚ್ಚಿಕೊಂಡು ನನ್ನ ಕಡೆಗೇ ಬಂತು. ಅದರ ಬದಲು ಪಾತ್ರೆ ತೊಳೆಯುತ್ತಿದ್ದೇನೆ. ತೊಳೆದದ್ದನ್ನೇ ತೊಳೆಯುತ್ತೇನೆ. ಬಿಸಿನೀರಿನಲ್ಲಿ ಕೈ ನಡುಗುವುದಿಲ್ಲ, ಹೊರಗೆ ತೆಗೆದರೆ ನಡುಗುತ್ತದೆ.

ಮೊನ್ನೆ ಡಾಕ್ಟರ ಹತ್ತಿರ ಹೋಗಿದ್ದೆ. ಬಿಪಿ ನೂರ ಎಪ್ಪತ್ತೆರಡು, ಮೊದಲಿಗಿಂತ ಆರು ಜಾಸ್ತಿ. ನನ್ನ ಪುಸ್ತಕ ತೋರಿಸಿದೆ. ಪುಟ ತಿರುಗಿಸಿ ತಿರುಗಿಸಿ ನೋಡಿದರು. "ಇದೇನ್ರೀ, ವಿಶ್ರಾಂತಿನೂ ಡ್ಯೂಟಿ ಮಾಡ್ಕೊಂಡಿದ್ದೀರಾ?" ಎಂದರು. ಆಮೇಲೆ ಕನ್ನಡಕ ತೆಗೆದು, "ನಿಮ್ಮ ಮನಸ್ಸಲ್ಲಿ ಇರೋದನ್ನ ಯಾರ ಹತ್ರಾನಾದ್ರೂ ಹೇಳ್ಕೊಂಡಿದ್ದೀರಾ?" ಎಂದು ಕೇಳಿದರು. "ಅಕ್ಕನಿಗೆ ಕಾಗದ ಬರೀತೀನಿ" ಎಂದೆ. "ಒಳ್ಳೇದು, ಎಲ್ಲಾನೂ ಬರೀರಿ" ಎಂದರು.

ನಡಿಗೆ ಮಾತ್ರ ಬಿಟ್ಟಿಲ್ಲ. ಎಲ್ಲಿಗೂ ಹೋಗಬೇಕಾಗಿಲ್ಲದವನ ಹಾಗೆ ಹೊರಟರೂ ಕಾಲು ದಿನಾ ಸೈಟಿನ ತಗಡಿನ ಬೇಲಿಯ ಹತ್ತಿರವೇ ಹೋಗಿ ನಿಲ್ಲುತ್ತದೆ. ಅಲ್ಲೊಂದು ಕಡೆ ತಗಡು ಬಾಗಿ ಸಂದಿಯಾಗಿದೆ. ನನ್ನ ಜಾಗಕ್ಕೆ ಬೇರೆ ಕಡೆಯಿಂದ ಒಬ್ಬನನ್ನು ತಂದಿದ್ದಾರೆ. ಅವನು ಕೆಲಸ ಮಾಡುವುದನ್ನು ನೋಡುತ್ತೇನೆ. ಆರಕ್ಕೆ ಸೈರನ್ ಆದ ಮೇಲೆ ಮನೆಗೆ ಬರುತ್ತೇನೆ.

ನೀನು ಬೆಂಚಿನ ಮೇಲೆ ಕೂತಾಗ ಏನು ಯೋಚನೆ ಮಾಡುತ್ತೀಯ? ಏನೂ ಮಾಡದೆ ಕೂರುವುದು ಹೇಗೆ ಎಂದು ನಿಜವಾಗಿಯೂ ತಿಳಿಯಬೇಕಾಗಿದೆ. ನಾನು ಕೂತರೆ ಎರಡು ನಿಮಿಷದಲ್ಲಿ ತಲೆ ಚಿಟ್ಟು ಹಿಡಿಯುತ್ತದೆ.

ಗುಬ್ಬಿ ಚೆನ್ನಾಗಿದ್ದಾಳೆ. ದೂರದಿಂದ ನೋಡಿದೆ.

ತಮ್ಮ


ಮಾರ್ಚ್ 24

ತಮ್ಮಾ,

ದೂರದಿಂದ ನೋಡಿದೆ ಎಂದರೇನು? ಗುಬ್ಬಿಯ ಕಾಗದವೂ ಬಂದಿದೆ, ಅದರಲ್ಲೂ ನಿನ್ನ ಹೆಸರೇ ಇಲ್ಲ. ಮೊದಲೆಲ್ಲ "ಮಾಮ ಹಾಗಂದ್ರು, ಮಾಮ ಹೀಗಂದ್ರು" ಎಂದು ಅರ್ಧ ಕಾಗದ ತುಂಬುತ್ತಿತ್ತು. ಇಬ್ಬರೂ ಮುಖ ಊದಿಸಿಕೊಂಡಿದ್ದೀರಿ ಎಂದು ನನಗೆ ಗೊತ್ತಾಯಿತು. ಯಾವ ವಿಷಯಕ್ಕೋ ಜಗಳ. ಅವಳು ಚಿಕ್ಕವಳು, ನೀನೇ ಮಾತಾಡಿಸು. ಅರ್ಧ ಬಿಪಿ ಅಲ್ಲೇ ಇಳಿಯುತ್ತದೆ, ಬೇಕಾದರೆ ನೋಡು.

ಬೆಂಚಿನ ಮೇಲೆ ಕೂತಾಗ ಆಕಾಶ ನೋಡುತ್ತೇನೆ. ಮೋಡ ಇರುತ್ತದೆ, ಹೋಗುತ್ತದೆ. ಅಷ್ಟೇ.

ಆದರೆ ನನ್ನ ನಿಜವಾದ ನೆಮ್ಮದಿ ಯಾವುದೆಂದು ಹೇಳುತ್ತೇನೆ, ಅದು ಯಾವ ಗೋಡೆಯ ಹಾಳೆಯಲ್ಲೂ ಇಲ್ಲ. ಗುಬ್ಬಿಯ ಅಪ್ಪ ಹೋದ ಮೇಲೆ ನನಗೆ ಉಳಿದವರು ನೀವಿಬ್ಬರೇ. ಅವಳು ಸೈಟಿನ ಕೆಲಸಕ್ಕೆ ಸೇರುತ್ತೇನೆಂದು ಹಟ ಹಿಡಿದಾಗ ನಾನು ಮೂರು ದಿನ ಊಟ ಬಿಟ್ಟೆ. ಆಗ ನೀನು ಬಂದು, "ಅಕ್ಕಾ, ಮೇಲೆ ನಾನಿರ್ತೀನಿ, ಅವಳ ಮೇಲಿಂದ ನನ್ನ ಕಣ್ಣು ತೆಗೆಯಲ್ಲ" ಎಂದೆ. ಅವತ್ತು ಊಟ ಮಾಡಿದೆ. ಅವತ್ತಿನಿಂದ ಇವತ್ತಿನವರೆಗೆ ದಿಂಬಿಗೆ ತಲೆ ಕೊಟ್ಟ ತಕ್ಷಣ ನಿದ್ದೆ ಬರುತ್ತದೆ. ಆದ್ದರಿಂದಲೇ ನೀನು ಬೇಗ ಮೇಲಕ್ಕೆ ಹೋಗಬೇಕು. ಈಗ ಬಂದಿರುವ ಆ ಹೊಸಬನನ್ನು ನಾನು ಕಂಡಿಲ್ಲ, ಕೇಳಿಲ್ಲ.

ಅಕ್ಕ


ಮಾರ್ಚ್ 28

ಅಕ್ಕನಿಗೆ,

ನಿನ್ನ ಕಾಗದ ಓದಿದ ಮೇಲೆ ಇನ್ನು ಮುಚ್ಚಿಡುವುದು ನನ್ನಿಂದ ಆಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಫೆಬ್ರವರಿ ಇಪ್ಪತ್ನಾಲ್ಕು, ಮಧ್ಯಾಹ್ನ ಮೂರೂವರೆ. ಜೊತೆಯ ಆಪರೇಟರು ರಜೆಯಲ್ಲಿದ್ದ. ಬೇರೆ ಯಾರನ್ನಾದರೂ ಕರೆಸೋಣ ಎಂದು ಮೇಲಿನವರು ಹೇಳಿದ್ದರು. "ಬೇಡ, ನಾನೇ ನೋಡ್ಕೋತೀನಿ" ಎಂದಿದ್ದೆ. ಒಂಬತ್ತು ದಿನದಿಂದ ಎರಡು ಪಾಳಿಯೂ ನಾನೇ. ನಾನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂಬ ಜಂಬ ಇತ್ತು, ಸುಳ್ಳೇಕೆ ಹೇಳಲಿ.

ಕಂಬಿಯ ಕಟ್ಟೊಂದನ್ನು ಇಳಿಸುತ್ತಿದ್ದೆ. ಕೆಳಗೆ ಸನ್ನೆಗೆ ಗುಬ್ಬಿ. ಅವಳ ಹಿಂದೆ ಗೋಡೆ. ಗಾಳಿ ಎದ್ದದ್ದು ನನಗಿಂತ ಮೊದಲು ಅವಳಿಗೆ ಗೊತ್ತಾಗಿ ಮುಷ್ಟಿ ಎತ್ತಿದಳು. ನಿಲ್ಲಿಸು ಎಂದು. ನನಗೆ ಕಂಡಿತು ಅಕ್ಕಾ. ಕಣ್ಣಿಗೆ ಕಂಡಿತು, ಕೈ ಏಳಲಿಲ್ಲ. ಎರಡು ಸೆಕೆಂಡು. ಆಮೇಲೆ ಎಚ್ಚೆತ್ತು ಗಕ್ಕನೆ ಬ್ರೇಕು ಹಾಕಿದೆ. ಲೋಡು ಜೋಲಿ ಹೊಡೆಯುವಾಗ ಹಾಗೆ ಮಾಡಬಾರದು. ಅದು ಯಾವ ಕಡೆ ಹೋಗುತ್ತದೋ ಆ ಕಡೆಗೇ ಕ್ರೇನನ್ನೂ ಒಯ್ಯಬೇಕು, ಜೋಲಿ ತಾನಾಗಿ ಸಣ್ಣದಾಗುತ್ತದೆ. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಅದು, ಕಲಿಸುವವನು ನಾನೇ. ಬ್ರೇಕು ಬಿದ್ದು ಕಟ್ಟು ಪೂರ್ತಿ ತೂಗಿ ಅವಳ ಕಡೆಗೆ ಹೋಯಿತು. ಅವಳು ನೆಲಕ್ಕೆ ಬಿದ್ದು ಹೊರಳಿದಳು. ನಿಂತಿದ್ದರೆ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅವಳ ಮೇಲಿಂದ ಎರಡು ಅಡಿ ಬಿಟ್ಟು ಹೋಯಿತು.

ಮೊಣಕೈ ಗಾಯ ಮೆಟ್ಟಿಲಿನದಲ್ಲ. ನನ್ನದು.

ಎದ್ದು ಬಟ್ಟೆ ಕೊಡವಿಕೊಂಡು ಅವಳು ಮತ್ತೆ ಕೈ ಎತ್ತಿದಳು. ನಿಧಾನವಾಗಿ ಇಳಿಸು ಎಂದು ಸನ್ನೆ ಮಾಡಿದಳು. ಇಳಿಸಿದೆ. ಆಮೇಲೆ ನಲವತ್ತು ನಿಮಿಷ ನನಗೆ ಏಣಿ ಇಳಿಯಲು ಆಗಲಿಲ್ಲ. ಇಳಿದ ಮೇಲೆ ಅವಳಿಗೆ ಹೇಳಿದ್ದು ಒಂದೇ ಮಾತು: "ಅಮ್ಮಂಗೆ ಹೇಳ್ಬೇಡ." ಮೆಟ್ಟಿಲಿನ ಮಾತನ್ನು ಅವಳ ಬಾಯಿಗೆ ಹಾಕಿಕೊಟ್ಟವನೂ ನಾನೇ. ಅವತ್ತಿನಿಂದ ಅವಳ ಎದುರಿಗೆ ಹೋಗಿಲ್ಲ. ತಗಡಿನ ಸಂದಿಯಿಂದ ನೋಡುವುದು ಕ್ರೇನನ್ನಲ್ಲ.

ಕ್ಷಮಿಸು ಎಂದು ಬರೆಯುವ ಮುಖ ನನಗಿಲ್ಲ.

ತಮ್ಮ


ಏಪ್ರಿಲ್ 1

ಕಾಗದ ತಲುಪಿತು.

ಗುಬ್ಬಿಗೆ ರಜೆ ಹಾಕಿ ಬರಲು ಹೇಳಿದ್ದೇನೆ.


ಏಪ್ರಿಲ್ 7

ಅಕ್ಕನಿಗೆ,

ನೀನು ಉತ್ತರ ಕೊಡಲಿ ಎಂದು ಇದನ್ನು ಬರೆಯುತ್ತಿಲ್ಲ.

ಪರೀಕ್ಷೆಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಸಾಮಾನು ಕೋಣೆಯ ಕೆಲಸಕ್ಕೆ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಹದಿನೈದನೇ ತಾರೀಖು ಡಾಕ್ಟರ ಬದಲು ಆಫೀಸಿಗೆ ಹೋಗಿ ಕೊಡುತ್ತೇನೆ. ಕೊಕ್ಕೆಗಳಿಂದ ಯಾರಿಗೂ ಏನೂ ಆಗುವುದಿಲ್ಲ.

ಒಂದು ವಿಚಿತ್ರ. ನಿನಗೆ ಆ ಕಾಗದ ಹಾಕಿದ ದಿನ ಸಂಜೆ ಕುರ್ಚಿಯಲ್ಲಿ ಕೂತವನು ಹಾಗೇ ಕೂತಿದ್ದೆ. ಗಡಿಯಾರ ನೋಡಿದಾಗ ಒಂದು ಗಂಟೆಯಾಗಿತ್ತು. ಏನೂ ಮಾಡಿರಲಿಲ್ಲ. ಮೊದಲ ಸಲ. ಕೈ ನೋಡಿಕೊಂಡೆ, ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನೆಮ್ಮದಿಯಾಯಿತು ಎಂದಲ್ಲ. ಹೇಳುವುದೆಲ್ಲ ಹೇಳಿಯಾಗಿತ್ತು, ಅಷ್ಟೇ. ಇದನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಪುಸ್ತಕ ನಿಲ್ಲಿಸಿದ್ದೇನೆ.

ಗುಬ್ಬಿ ಅಲ್ಲಿದ್ದರೆ ಅವಳ ಮೊಣಕೈಗೆ ಬಿಸಿನೀರಿನ ಶಾಖ ಕೊಡು.

ತಮ್ಮ


ಏಪ್ರಿಲ್ 10

ತಮ್ಮಾ,

ಇದನ್ನು ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ನಾನು ಬರೆದದ್ದನ್ನು ನೀನು ಓದದಿರುವುದೇ ಒಳ್ಳೆಯದು.

ಕೋಪ ಹೋಗಿಲ್ಲ. ಎರಡು ಸೆಕೆಂಡಿಗೆ ನನಗೆ ಕೋಪವಿಲ್ಲ. ನಾನೂ ದಣಿದ ಕೈಯಿಂದ ಯಂತ್ರದ ಬಾಗಿಲು ಸರಿಯಾಗಿ ಹಾಕದೆ ಇಡೀ ಕೋಣೆಗೆ ನೊರೆ ನುಗ್ಗಿಸಿದವಳೇ. ನನ್ನ ಕೋಪ ಮೆಟ್ಟಿಲಿಗೆ. ನನ್ನ ಮಗಳು ಬ್ಯಾಂಡೇಜು ಕಟ್ಟಿದ ಕೈಯಲ್ಲಿ ನನ್ನ ಎದುರು ಕೂತು ಊಟ ಮಾಡುತ್ತ, ನೀನು ಹೇಳಿಕೊಟ್ಟ ಸುಳ್ಳು ಹೇಳಿದಳು, ನಾನು ನಕ್ಕು ಬೈದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದು ಆರಲು ಎಷ್ಟು ದಿನ ಬೇಕೋ ಗೊತ್ತಿಲ್ಲ, ನನ್ನನ್ನು ಕೇಳಬೇಡ.

ನಿನ್ನ ಕಾಗದ ಬಂದ ದಿನ ಗೋಡೆಯ ಹಾಳೆಯಲ್ಲಿದ್ದ ಹನ್ನೆರಡು ದಾರಿಗಳನ್ನೂ ಪ್ರಯತ್ನಿಸಿದೆ. ಹಲ್ಲು ಕಚ್ಚಿಕೊಂಡು ಹತ್ತು ಸಲ ಉಸಿರಾಡಿದೆ. ಆಸ್ಪತ್ರೆಯ ಸುತ್ತ ನಾಲ್ಕು ಸುತ್ತು ನಡೆದೆ, ನಡೆದಷ್ಟೂ ಕಾಲು ಜೋರಾಯಿತು. ಆ ನಗುವ ಹೆಂಗಸಿನ ಚಿತ್ರಕ್ಕೆ ಏನು ಹೇಳಿದೆನೆಂದು ಬರೆಯುವುದಿಲ್ಲ. ಕೊನೆಗೆ ಬೆಂಚಿನ ಮೇಲೆ ಹೋಗಿ ಕೂತೆ. ಈಗ ನಿನಗೊಂದು ಸತ್ಯ ಹೇಳಬೇಕು. ಆ ಬೆಂಚಿನ ಮೇಲೆ ನಾನು ಕೂತದ್ದು ಅದೇ ಮೊದಲು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಕೂತಿರಲಿಲ್ಲ. ಊಟವನ್ನೂ ನಿಂತೇ ಮಾಡುವವಳು. ಮೋಡದ ಮಾತು ಹಾಳೆಯಿಂದ ಇಳಿಸಿದ್ದು, ಆರನೆಯ ದಾರಿ. ನೀನು ಗಡಿಯಾರ ಎದುರಿಗಿಟ್ಟುಕೊಂಡು ಕಷ್ಟಪಡುತ್ತಿದ್ದಾಗ ನಾನು ಇಲ್ಲಿಂದ ಬುದ್ಧಿ ಹೇಳುತ್ತಿದ್ದೆ. ಸುಳ್ಳು ಹೇಳುವುದು ನಮ್ಮ ಮನೆಯಲ್ಲಿ ನಿನ್ನೊಬ್ಬನದೇ ವಿದ್ಯೆಯಲ್ಲ.

ಗುಬ್ಬಿ ನಾಲ್ಕು ದಿನ ಇದ್ದು ನಿನ್ನೆ ಹೋದಳು. ಎರಡನೆಯ ದಿನ ಲಾಂಡ್ರಿಗೆ ಬಂದು, ಇಸ್ತ್ರಿಯವಳನ್ನು ಪಕ್ಕಕ್ಕೆ ಸರಿಸಿ, ನನ್ನ ಎದುರಿನ ತುದಿ ಹಿಡಿದುಕೊಂಡಳು. ಅರುವತ್ತು, ಎಪ್ಪತ್ತು ಬೆಡ್‌ಶೀಟು ಮಡಿಸಿದೆವು. ಮಡಿಸುವಾಗ ಪ್ರತಿ ಸಲವೂ ಎದುರಿಗೆ ಬಂದು ಮುಖ ನೋಡಲೇಬೇಕಲ್ಲ. ಎಷ್ಟು ಸಲ ತಾನೇ ಮುಖ ತಿರುಗಿಸಲಿ? ಯಂತ್ರ ನಿಲ್ಲಿಸಿ ಕೇಳಿದೆ, "ಭಯ ಆಯ್ತಾ?"

ಅವಳು ನನ್ನ ಒಳ್ಳೆಯ ಕಿವಿಯ ಹತ್ತಿರ ಬಂದು ಹೇಳಿದಳು, "ಆಯ್ತಮ್ಮ. ಆದ್ರೆ ಆಮೇಲೆ ಮಾಮ ಆ ಕಟ್ಟನ್ನ ಇಳಿಸಿದ್ದು ನೀನು ನೋಡ್ಬೇಕಿತ್ತು. ಅಷ್ಟಾದ್ಮೇಲೂ ಸದ್ದಾಗದ ಹಾಗೆ ಇಟ್ರು. ನಂಗೆ ಬೇಜಾರಾಗಿದ್ದು ಅದಲ್ಲ. ಒಂದು ತಿಂಗಳಿಂದ ಬೇಲಿ ಆಚೆ ನಿಂತ್ಕೊಂಡು ನೋಡ್ತಾರೆ, ಒಳಗೆ ಬರಲ್ಲ. ತಗಡಿನ ಕೆಳಗೆ ಅವರ ಚಪ್ಪಲಿ ಕಾಣ್ಸುತ್ತೆ ಅಂತ ಅವರಿಗೆ ಗೊತ್ತೇ ಇಲ್ಲ."

ಚಪ್ಪಲಿಯ ಮಾತು ಕೇಳಿ ನಾನು ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಮಾಡಿದೆ.

ಆಮೇಲೆ ಆ ಹೊಸ ಆಪರೇಟರ ಬಗ್ಗೆ ಕೇಳಿದೆ. "ಅವನು ನನ್ನ ಸನ್ನೆ ಅರ್ಧ ನೋಡ್ತಾನೆ, ಅರ್ಧ ಊಹೆ ಮಾಡ್ತಾನೆ. ಇನ್ನೊಂದು ವಾರ ನೋಡ್ತೀನಿ, ಆಮೇಲೆ ನಾನೇ ಬೇರೆ ಕಡೆ ಕೇಳ್ಕೋತೀನಿ" ಎಂದಳು. "ಮಾಮ ಮೇಲಿದ್ರೆ?" ಎಂದೆ. "ಮಾಮ ನಿದ್ದೆ ಮಾಡಿ ಬಂದ್ರೆ ನಾಳೇನೇ ನಿಲ್ತೀನಿ" ಎಂದಳು. ಒಂದು ಕ್ಷಣವೂ ತಡೆಯಲಿಲ್ಲ. ಅಂಥ ಮಾತನ್ನು ತಾಯಿ ಕೇಳಿಸಿಕೊಳ್ಳುವುದು ಸುಲಭವಲ್ಲ. ಆದರೆ ಕೆಳಗೆ ನಿಲ್ಲುವವಳು ಅವಳು, ನಾನಲ್ಲ. ಮೇಲೆ ಯಾರಿರಬೇಕೆಂದು ಹೇಳುವ ಹಕ್ಕು ಅವಳದು.

ಜೇಬಿನಲ್ಲಿರುವ ಅರ್ಜಿಯನ್ನು ಹರಿದುಹಾಕು. ಹದಿನೈದಕ್ಕೆ ಪರೀಕ್ಷೆಗೆ ಹೋಗು. ಬಿಪಿ ಇಳಿದಿರದಿದ್ದರೆ ಸಾಮಾನು ಕೋಣೆ, ಅದರಲ್ಲಿ ಮಾತಿಲ್ಲ. ಇಳಿದಿದ್ದರೆ ಮೇಲೆ ಹೋಗು. ಆದರೆ ಒಂದೇ ಪಾಳಿ. ದಣಿವಾದರೆ ದಣಿವಾಗಿದೆ ಎಂದು ಬಾಯಿಬಿಟ್ಟು ಹೇಳು, ಜಂಬವನ್ನು ಏಣಿಯ ಕೆಳಗೆ ಬಿಟ್ಟು ಹತ್ತು. ಮೊದಲ ಲೋಡಿಗೆ ಸನ್ನೆ ಮಾಡುವವಳು ಗುಬ್ಬಿಯೇ. ಅವಳೇ ಕೇಳಿಕೊಂಡದ್ದು, ನಾನಲ್ಲ. ದಿನ ಮತ್ತು ಹೊತ್ತು ನನಗೆ ಮೊದಲೇ ತಿಳಿಸು. ಆ ಹೊತ್ತಿಗೆ ನಾನು ಬೆಂಚಿನ ಮೇಲೆ ಕೂತಿರುತ್ತೇನೆ. ಈ ಸಲ ನಿಜವಾಗಿ.

ಅಕ್ಕ


ಏಪ್ರಿಲ್ 16

ಅಕ್ಕನಿಗೆ,

ನೂರ ಮೂವತ್ತಾರು. ಎರಡೂ ಕೈ ಚಾಚಿಸಿ ಮೇಲೆ ಕಾಗದದ ಹಾಳೆ ಇಟ್ಟು ನೋಡಿದರು, ಹಾಳೆ ಅಲುಗಲಿಲ್ಲ. ಡಾಕ್ಟರು ಪುಸ್ತಕ ಎಲ್ಲಿ ಎಂದು ಕೇಳಿದರು. ನಿಲ್ಲಿಸಿದೆ ಎಂದೆ. "ಹಾಗಾದ್ರೆ ಹತ್ತಿ" ಎಂದು ಸಹಿ ಹಾಕಿದರು. ಅರ್ಜಿ ಹರಿದಿದ್ದೇನೆ.

ಇಪ್ಪತ್ತೊಂದನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ.

ನಿನ್ನೆ ಸಂಜೆ ಬೇಲಿಯ ಹತ್ತಿರ ನಿಲ್ಲದೆ ಗೇಟಿನಿಂದ ಒಳಗೆ ಹೋದೆ. ಗುಬ್ಬಿ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ತಪ್ಪಾಯಿತು ಎಂದಷ್ಟೇ ಹೇಳಿದೆ. ಸುಳ್ಳು ಹೇಳಿಸಿದ್ದಕ್ಕೂ ಸೇರಿಸಿ ಹೇಳಿದೆ. "ಮಾಮ, ಚಪ್ಪಲಿ ಬದಲಾಯಿಸಿ, ಉಂಗುಷ್ಟ ಕಿತ್ತುಹೋಗ್ತಿದೆ" ಎಂದಳು. ಬದಲಾಯಿಸಿದ್ದೇನೆ.

ತಮ್ಮ


ಏಪ್ರಿಲ್ 21

ಅಕ್ಕನಿಗೆ,

ಇದನ್ನು ಕ್ಯಾಬಿನ್ನಿನಿಂದ ಇಳಿದು, ಕೈ ತೊಳೆಯುವ ಮೊದಲೇ ಬರೆಯುತ್ತಿದ್ದೇನೆ. ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದೆಯೋ ಗೊತ್ತಿಲ್ಲ, ಆದ್ದರಿಂದ ಹೊತ್ತಿನ ಸಮೇತ ಬರೆಯುತ್ತೇನೆ.

9.20 – ಏಣಿ ಹತ್ತಿದೆ. ಮಧ್ಯದಲ್ಲಿ ಎರಡು ಸಲ ನಿಂತೆ.
9.45 – ಹಗ್ಗ, ಕೊಕ್ಕೆ, ಬ್ರೇಕು – ಸರಿ. ಗಾಳಿ ಇದೆ, ಮಿತಿಯೊಳಗೆ.
10.00 – ಕೆಳಗೆ ಗುಬ್ಬಿ ನಿಂತಳು. ಅದೇ ಜಾಗ. ಹಿಂದೆ ಗೋಡೆ. ಬೇರೆ ಕಡೆ ನಿಲ್ಲು ಎಂದು ಕೈ ಮಾಡಿದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಬಂದಳು.
10.04 – ಕಂಬಿಯ ಕಟ್ಟು ಎತ್ತಿದೆ.
10.07 – ಗಾಳಿ ಬಂತು. ಲೋಡು ಜೋಲಿ ಹೊಡೆಯಿತು. ಅವಳು ಮುಷ್ಟಿ ಎತ್ತಿದಳು. ಇಳಿಸುವುದನ್ನು ನಿಲ್ಲಿಸಿದೆ. ತಡವೆಂದು ಎಣಿಸಲು ಒಂದು ಸೆಕೆಂಡೂ ಇರಲಿಲ್ಲ. ಆದರೆ ಗಕ್ಕನೆ ಬ್ರೇಕು ಹಾಕಲಿಲ್ಲ. ಕಟ್ಟು ಹೋದ ಕಡೆಗೇ ಕ್ರೇನನ್ನು ಸ್ವಲ್ಪ ಒಯ್ದೆ. ಜೋಲಿ ಸಣ್ಣದಾಯಿತು, ನಿಂತಿತು.
10.11 – ಅವಳು ಇಳಿಸು ಎಂದಳು. ಇಳಿಸಿದೆ. ಸದ್ದಾಗಲಿಲ್ಲ.

ಮುಂದಿನ ಲೋಡಿಗೆ ಕೊಕ್ಕೆ ಬಿಚ್ಚಲಿ ಎಂದು ಕಾಯುತ್ತ ಕೆಳಗೆ ನೋಡಿದೆ. ಅವಳು ಕೊಕ್ಕೆ ಬಿಚ್ಚಲಿಲ್ಲ. ಮೇಲೆ ನನ್ನ ಕಡೆ ತಿರುಗಿ, ಎರಡೂ ಅಂಗೈ ಚಪ್ಪಟೆ ಮಾಡಿ, ಹೊಟ್ಟೆಯ ಮುಂದೆ ನಿಧಾನವಾಗಿ ಕೆಳಗಿಳಿಸಿದಳು. ಆ ಸನ್ನೆ ನಮ್ಮ ಸೈಟಿನ ಪುಸ್ತಕದಲ್ಲಿಲ್ಲ. ಪಕ್ಕದಲ್ಲಿದ್ದವರಿಗೆ ಅರ್ಥವಾಗದೆ ಅವಳನ್ನೂ ನನ್ನನ್ನೂ ನೋಡಿದರು. ಮಾಡಿದವಳು ತಾನೇ ಹಲಗೆಗಳ ರಾಶಿಯ ಮೇಲೆ ಹೋಗಿ ಕೂತಳು.

ನಾನೂ ಲಿವರಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟು ಕೂತೆ. ಮೋಡ ಇರಲಿಲ್ಲ. ಏನೂ ಮಾಡಲಿಲ್ಲ. ಎಷ್ಟು ನಿಮಿಷ ಎಂದು ನೋಡಲಿಲ್ಲ.

ತಮ್ಮ